ಸೀಬರ್ಡ್, ಕೈಗಾ ಕೆಲಸಕ್ಕೆ ಭದ್ರತಾ ಅನುಮತಿ: ಕಾರವಾರ ಭಾಗದ ಗುತ್ತಿಗೆದಾರರು ಮಾಡಬೇಕಾದದ್ದು

ಸೀಬರ್ಡ್ ಯೋಜನೆಯಲ್ಲಿ ಕಟ್ಟಿದ ಅರ್ಗಾದ ಕದಂಬ ನೌಕಾನೆಲೆಯಲ್ಲಿ ಇಲ್ಲವೇ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಹಿಡಿದವರಿಗೆ ಮೊದಲ ನಷ್ಟ ಗೇಟಿನ ಹೊರಗೇ ಆಗುತ್ತದೆ. ಕೆಲಸದ ಅವಧಿ ಎಣಿಸುವುದು ಆರ್ಡರಿನಲ್ಲಿ ಬರೆದ ತಾರೀಖಿನಿಂದ, ಆಳು ಒಳಗೆ ಕಾಲಿಡುವುದು ಪಾಸ್ ಕೈಗೆ ಬಂದ ಮೇಲೆ. ನಡುವಿನ ದಿನಗಳಲ್ಲಿ ಮೇಸ್ತ್ರಿಯ ಸಂಬಳ, ಕೂಲಿಗಳ ಬಾಡಿಗೆ ಕೋಣೆ, ನಿಂತ ಯಂತ್ರದ ದಿನಬಾಡಿಗೆ ಎಲ್ಲವೂ ನಿಮ್ಮ ಕಿಸೆಯಿಂದ. ಪೊಲೀಸರು ತಡ ಮಾಡಿದರು ಎಂದು ದೂರುವವರು ಬಹಳ. ಅರ್ಜಿ ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಒಂದು ಕಾಗದದ ಹೆಸರು ಇನ್ನೊಂದಕ್ಕೆ ಹೊಂದುವುದಿಲ್ಲ, ಅಷ್ಟೇ.

ಅಂತರ್ಜಾಲದಲ್ಲಿ ಹುಡುಕಿದರೆ ಎಸ್‌ಎಫ್-86, ಡಿಡಿ-254 ಎಂಬ ಫಾರಂಗಳ ವಿವರ ಸಿಗುತ್ತದೆ. ಅವು ಅಮೆರಿಕದವು, ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದು ತತ್ವ ಮಾತ್ರ ಎರಡೂ ಕಡೆ ಸಮಾನ. ಕಂಪನಿ ತಾನಾಗಿಯೇ ಹೋಗಿ ಭದ್ರತಾ ಅನುಮತಿ ಕೇಳುವಂತಿಲ್ಲ, ಕೆಲಸ ಕೊಡುವ ಇಲಾಖೆಯೇ ಬರೆದು ಕಳಿಸಬೇಕು. ನಮ್ಮಲ್ಲಿ ಅದು ಎಂಇಎಸ್ (ಸೇನಾಪಡೆಗಳ ಕಟ್ಟಡ ಕೆಲಸ ನೋಡುವ ಮಿಲಿಟರಿ ಇಂಜಿನಿಯರ್ ಸರ್ವಿಸಸ್) ಕೆಲಸವಾದರೆ ಗ್ಯಾರಿಸನ್ ಇಂಜಿನಿಯರ್ ಕಚೇರಿ, ಕೈಗಾದಲ್ಲಾದರೆ ಸ್ಥಾವರ ನಡೆಸುವ ಎನ್‌ಪಿಸಿಐಎಲ್‌ನಲ್ಲಿ ಆ ಕೆಲಸ ನೋಡಿಕೊಳ್ಳುವ ಇಂಜಿನಿಯರ್. ಅವರ ಸಹಿ ಇಲ್ಲದೆ ಭದ್ರತಾ ವಿಭಾಗ ನಿಮ್ಮ ಪಟ್ಟಿ ಮುಟ್ಟುವುದಿಲ್ಲ. ಹಾಗೆಂದು ಆರ್ಡರ್ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಪೊಲೀಸ್ ವೆರಿಫಿಕೇಷನ್ ಆಳಿನ ಸ್ವಂತ ಕಾಗದ, ಟೆಂಡರ್ ತೆರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಬಹುದು. ಆದರೆ ಎಷ್ಟು ತಿಂಗಳು ಹಳೆಯದಾದರೆ ನಡೆಯುತ್ತದೆ ಎಂದು ಕೆಲಸ ಕೊಡುವ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ.

ಮೊದಲು ಮಾಲೀಕರ ಕಾಗದ

ಎಂಇಎಸ್‌ನಲ್ಲಿ ಹೆಸರು ನೋಂದಾಯಿಸುವಾಗ ಮಾಲೀಕರ ಪೂರ್ವಾಪರವನ್ನೂ ಪೊಲೀಸರು ನೋಡುತ್ತಾರೆ. ಪಾಲುದಾರಿಕೆಯಾದರೆ ಪ್ರತಿ ಪಾಲುದಾರರದ್ದು ಬೇಕು. ಮುಂಬೈಯಲ್ಲೋ ದುಬೈಯಲ್ಲೋ ಇರುವ ಅಣ್ಣನನ್ನು ಬರೀ ಹೆಸರಿಗೆ ಪಾಲುದಾರ ಮಾಡಿದ್ದರೆ ಅವರದ್ದೂ ಬೇಕು. ಇಲ್ಲಿಯೇ ಬಹಳ ಫೈಲುಗಳು ಕೂರುತ್ತವೆ. ನೋಂದಣಿ ಇಲ್ಲದವರು ಭಾಗವಹಿಸುವ ಟೆಂಡರ್‌ಗಳಲ್ಲಿ ಪೊಲೀಸ್ ವೆರಿಫಿಕೇಷನ್ ವರದಿ ಅಥವಾ ಚಾಲ್ತಿಯಲ್ಲಿರುವ ಪಾಸ್‌ಪೋರ್ಟಿನ ನೋಟರಿ ಪ್ರತಿ, ಎರಡರಲ್ಲಿ ಒಂದನ್ನು ಒಪ್ಪುವುದುಂಟು. ಆದ್ದರಿಂದ ಪಾಲುದಾರರೆಲ್ಲರ ಪಾಸ್‌ಪೋರ್ಟ್ ಅವಧಿ ಮುಗಿಯದಂತೆ ನೋಡಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಇನ್ನೊಂದು ಕಾಗದವನ್ನು ಸಣ್ಣ ಗುತ್ತಿಗೆದಾರರು ಓದದೆ ಬಿಡುತ್ತಾರೆ. ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಬಿಡ್‌ದಾರರ ಬಗ್ಗೆ ಕೇಂದ್ರ ಹಣಕಾಸು ಸಚಿವಾಲಯ 2020ರ ಜುಲೈ 23ರಂದು ಆದೇಶ ಹೊರಡಿಸಿತು. ಅಂಥ ದೇಶದ ಕಂಪನಿ ಬಿಡ್ ಮಾಡಬೇಕಾದರೆ ಮೊದಲು ನೋಂದಣಿ, ಅದರ ಹಿಂದೆ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ ಮತ್ತು ಗೃಹ ಸಚಿವಾಲಯದ ಭದ್ರತಾ ಅನುಮತಿ ಬೇಕು. ಅಂಕೋಲೆಯ ಗುತ್ತಿಗೆದಾರನಿಗೂ ಚೀನಾಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇಲ್ಲ ಎಂದು ಲೆಟರ್‌ಹೆಡ್‌ನಲ್ಲಿ ಸಹಿ ಮಾಡಿ ಕೊಡಬೇಕಾದದ್ದೇ ಆ ಘೋಷಣೆ. ಅದಿಲ್ಲದ ಬಿಡ್ಡನ್ನು ದರ ನೋಡುವ ಮೊದಲೇ ಬದಿಗಿಡಬಹುದು.

ಆಳುಗಳ ವೆರಿಫಿಕೇಷನ್

ಕರ್ನಾಟಕದವರಿಗೆ ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಸ್ವಂತ ಲಾಗಿನ್ ಇಲ್ಲದವರು ಗ್ರಾಮ ಒನ್ ಕೇಂದ್ರದಲ್ಲಿ ಹಾಕಿಸಬಹುದು. ಉದ್ದೇಶ ಕೇಳುವಲ್ಲಿ ಉದ್ಯೋಗ ಎಂದೇ ಆರಿಸಿ, ಕೆಲಸದ ಸ್ಥಳದ ಹೆಸರನ್ನು ಸ್ಪಷ್ಟವಾಗಿ ಬರೆಸಿ. ಪಾಸ್‌ಪೋರ್ಟ್ ಕಚೇರಿಯಿಂದ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ತಂದು ಕೊಡುವವರಿದ್ದಾರೆ. ಅದು ವಿದೇಶಕ್ಕೆ ಹೋಗುವವರಿಗಾಗಿ ಕೊಡುವ ಪತ್ರ, ಗೇಟ್ ಪಾಸ್ ಕೌಂಟರ್‌ನಲ್ಲಿ ತಿರುಗಿ ಬರುತ್ತದೆ. ಅರ್ಜಿ ಎಸ್ಪಿ ಕಚೇರಿ ಮೂಲಕ ಆಳಿನ ವಿಳಾಸದ ಠಾಣೆಗೆ ಹೋಗುತ್ತದೆ. ಸದಾಶಿವಗಡ ಕಡೆಯವರದ್ದು ಚಿತ್ತಾಕುಲ ಠಾಣೆಗೆ, ಮಲ್ಲಾಪುರದವರದ್ದು ಮಲ್ಲಾಪುರಕ್ಕೆ. ಬೀಟ್ ಪೊಲೀಸರು ಮನೆಗೆ ಬಂದಾಗ ಆಳು ಸಿಗದಿದ್ದರೆ ‘ವಿಳಾಸದಲ್ಲಿ ವಾಸವಿಲ್ಲ’ ಎಂಬ ಷರಾ ಬೀಳುತ್ತದೆ. ಮೀನುಗಾರಿಕೆಗೂ ಹೋಗುವ ಆಳುಗಳಲ್ಲಿ ಇದು ಸಾಮಾನ್ಯ. ಅರ್ಜಿ ಹಾಕಿದ ಮೊಬೈಲ್ ನಂಬರು ಮೇಸ್ತ್ರಿಯದ್ದೋ ಗ್ರಾಮ ಒನ್‌ನವರದ್ದೋ ಆಗಿರದೆ ಆಳಿನದ್ದೇ ಆಗಿರಲಿ. ಠಾಣೆಯ ಕರೆ ಯಾರಿಗೆ ಹೋಗುತ್ತದೆ ಎಂಬುದರ ಮೇಲೆ ವಾರಗಟ್ಟಲೆ ವ್ಯತ್ಯಾಸ ಬೀಳುತ್ತದೆ.

ಈಗ ಹೆಸರಿನ ವಿಷಯ. ನಮ್ಮ ಜಿಲ್ಲೆಯಲ್ಲಿ ಇದರಷ್ಟು ಕಾಡುವ ಸಂಗತಿ ಬೇರೆ ಇಲ್ಲ. ನಾಯ್ಕ ಮತ್ತು ನಾಯಕ ಬೇರೆ ಬೇರೆ ಅಡ್ಡಹೆಸರು. ಆಧಾರ್‌ನ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಬಗೆಯ ಕಾಗುಣಿತ ಇರುತ್ತದೆ, ಬ್ಯಾಂಕಿನಲ್ಲಿ ಇನ್ನೊಂದು. ಹರಿಕಂತ, ಹರಿಕಂತ್ರ ಎರಡೂ ಒಬ್ಬರದೇ ಕಾಗದಗಳಲ್ಲಿ ಸಿಗುತ್ತವೆ. ಗೌಡ ಎಂಬುದನ್ನು ಇಂಗ್ಲಿಷ್‌ನಲ್ಲಿ ಬರೆಯುವ ಬಗೆ ಎರಡು. ಮದುವೆಯಾದ ಹೆಣ್ಣುಮಕ್ಕಳ ಪಾನ್ ಕಾರ್ಡ್ ತವರಿನ ಹೆಸರಿನಲ್ಲಿ, ಆಧಾರ್ ಗಂಡನ ಹೆಸರಿನಲ್ಲಿ. ಹುಟ್ಟಿದ ತಾರೀಖು ಗೊತ್ತಿಲ್ಲದ ಹಿರಿಯರಿಗೆಲ್ಲ ಜನವರಿ 1 ಎಂದು ನಮೂದಾಗಿರುತ್ತದೆ, ಶಾಲೆಯ ದಾಖಲೆ ಬೇರೆ ಹೇಳುತ್ತದೆ.

ಮಾಡಬೇಕಾದದ್ದು ಇಷ್ಟು. ಒಂದು ಕಾಗದವನ್ನು ಮೂಲವೆಂದು ಹಿಡಿಯಿರಿ, ಆಧಾರ್ ಆದರೆ ಉತ್ತಮ. ಅರ್ಜಿ, ಪಟ್ಟಿ, ಪಿಎಫ್ ನಂಬರು, ಬ್ಯಾಂಕ್ ಪಾಸ್‌ಬುಕ್, ಕೊನೆಗೆ ಪಾಸು ಎಲ್ಲದರಲ್ಲೂ ಅದೇ ಅಕ್ಷರ, ಅದೇ ಇನಿಷಿಯಲ್, ಅದೇ ಅಂತರ. ಆಧಾರೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಅವಕಾಶ, ಹುಟ್ಟಿದ ತಾರೀಖಿಗೆ ಒಂದೇ, ಹಾಗಾಗಿ ಅವಸರದಲ್ಲಿ ಇನ್ನೊಂದು ತಪ್ಪು ಮಾಡಿಸಿಕೊಳ್ಳಬೇಡಿ. ‘ಇಬ್ಬರೂ ಒಬ್ಬನೇ’ ಎಂಬ ನೋಟರಿ ಅಫಿಡವಿಟ್ ಸಣ್ಣ ಕಾಗುಣಿತ ವ್ಯತ್ಯಾಸಕ್ಕೆ ಕೆಲವೊಮ್ಮೆ ನಡೆಯುತ್ತದೆ. ಅಡ್ಡಹೆಸರೇ ಬೇರೆಯಾಗಿದ್ದರೆ ಅದನ್ನು ನಂಬಿ ಕೂರುವುದು ಸರಿಯಲ್ಲ.

ವಿಳಾಸದ ತೊಡಕು ಸೀಬರ್ಡ್ ನಿರಾಶ್ರಿತರ ಕುಟುಂಬಗಳಲ್ಲಿ ಹೆಚ್ಚು. ಹಳೆಯ ಕಾಗದಗಳಲ್ಲಿ ಬಿಟ್ಟು ಬಂದ ಊರಿನ ಹೆಸರು, ಪಡಿತರ ಚೀಟಿಯಲ್ಲಿ ಪುನರ್ವಸತಿ ಕಾಲನಿಯ ಹೆಸರು. ಠಾಣೆಯವರು ಹಳೆಯ ವಿಳಾಸಕ್ಕೆ ಹೋದರೆ ಅಲ್ಲಿ ಊರೇ ಇಲ್ಲ. ಆಧಾರ್ ವಿಳಾಸ ಬದಲಿಸಲು ಹೆಸರಿನ ಹಾಗೆ ಮಿತಿ ಇಲ್ಲ, ಅದನ್ನು ಮೊದಲು ಮಾಡಿಸಿ. ಮಾಜಾಳಿ ಕಡೆಯವರಲ್ಲಿ ಗೋವಾ ವಿಳಾಸದ ಆಧಾರ್ ಇಟ್ಟುಕೊಂಡವರು ಸಿಗುತ್ತಾರೆ. ಅವರ ಪರಿಶೀಲನೆ ಗೋವಾ ಪೊಲೀಸರಿಂದ ಆಗಬೇಕಾಗುತ್ತದೆ.

ಹೊರರಾಜ್ಯದವರ ವಿಷಯದಲ್ಲಿ ನಿಯಮ ಸರಳ. ಕಾಯಂ ವಿಳಾಸದ ಜಿಲ್ಲೆಯ ಪೊಲೀಸರ ಪತ್ರ ಬೇಕು. ಕಾರವಾರದ ಬಾಡಿಗೆ ಕೋಣೆಯ ವಿಳಾಸದ ಮೇಲೆ ಇಲ್ಲಿನ ಠಾಣೆ ಕೊಡುವ ಪತ್ರ ಅದರ ಜಾಗ ತುಂಬುವುದಿಲ್ಲ. ಉತ್ತರ ಪ್ರದೇಶದವರು ಯುಪಿಕಾಪ್ ಆ್ಯಪ್‌ನಲ್ಲಿ ಚಾರಿತ್ರ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಬಿಹಾರದಲ್ಲಿ ಅದನ್ನು ‘ಆಚರಣ್ ಪ್ರಮಾಣ್ ಪತ್ರ’ ಎನ್ನುತ್ತಾರೆ, ಅಲ್ಲಿನ ಸರ್ಕಾರಿ ಸೇವೆಗಳ ಪೋರ್ಟಲ್ ಆರ್‌ಟಿಪಿಎಸ್ ಮೂಲಕ ಆನ್‌ಲೈನ್ ಅರ್ಜಿ. ಊರಿಗೆ ಹೋದವರಿಗೆ ರೈಲು ಹತ್ತುವ ಮೊದಲು ಅದನ್ನು ಮಾಡಿಸಿಕೊಂಡು ಬರಲು ಮೇಸ್ತ್ರಿಯಿಂದ ಹೇಳಿಸಿ. ನೇಪಾಳದವರು ವಿದೇಶಿ ಪ್ರಜೆಗಳು. ಬರಹದಲ್ಲಿ ಅನುಮತಿ ಸಿಗುವ ತನಕ ಅವರ ಹೆಸರನ್ನು ಪಟ್ಟಿಯಲ್ಲಿ ಸೇರಿಸಬೇಡಿ, ಅವರೊಬ್ಬರಿಂದ ಇಡೀ ಪಟ್ಟಿ ನಿಲ್ಲಬಹುದು.

ಕೇಸ್ ಇದ್ದವರು

ಮುಚ್ಚಿಡುವುದು ಕೇಸಿಗಿಂತ ಕೆಟ್ಟದ್ದು. ಹೋರಾಟದ ಸಮಯದಲ್ಲಿ ರಸ್ತೆ ತಡೆಗೆ ಕೂತು ಕೇಸ್ ಹಾಕಿಸಿಕೊಂಡವರು ಕರಾವಳಿಯ ಊರೂರಲ್ಲಿ ಇದ್ದಾರೆ. ತಮ್ಮ ಹೆಸರು ಎಫ್‌ಐಆರ್‌ನಲ್ಲಿದೆ ಎಂಬುದೇ ಕೆಲವರಿಗೆ ಗೊತ್ತಿರುವುದಿಲ್ಲ. ಅರ್ಜಿಗೆ ಮುಂಚೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಿ. ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ. ಪೊಲೀಸರು ಬಿ ರಿಪೋರ್ಟ್ (ಕೇಸ್ ಮುಚ್ಚುವ ವರದಿ) ಹಾಕಿದ್ದಾರೆ, ಮುಗಿಯಿತು ಎಂದು ಹಲವರು ಅಂದುಕೊಳ್ಳುತ್ತಾರೆ. ಕೋರ್ಟ್ ಅದನ್ನು ಅಂಗೀಕರಿಸುವ ತನಕ ಕೇಸ್ ಬಾಕಿ ಎಂದೇ ಬರುತ್ತದೆ. ಕೇಸ್ ನಡೆಯುತ್ತಿರುವ ಆಳನ್ನು ಬೇರೆ ಸೈಟಿಗೆ ಹಾಕುವುದೇ ಜಾಣತನ.

ಪಟ್ಟಿ, ಪಾಸು, ಗಾಡಿ

20 ಆಳು ಬೇಕಿದ್ದರೆ 26 ಜನರ ಕಾಗದ ತಯಾರು ಮಾಡಿ. ಕೆಲವರು ಬಿಟ್ಟು ಹೋಗುತ್ತಾರೆ, ಒಬ್ಬಿಬ್ಬರು ಪರಿಶೀಲನೆಯಲ್ಲಿ ನಿಲ್ಲುತ್ತಾರೆ. ಲೆಟರ್‌ಹೆಡ್‌ನಲ್ಲಿ ಪಟ್ಟಿ: ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಕಾಯಂ ಮತ್ತು ಈಗಿನ ವಿಳಾಸ, ಆಧಾರ್ ನಂಬರು, ವೆರಿಫಿಕೇಷನ್ ಪತ್ರದ ನಂಬರು ಮತ್ತು ತಾರೀಖು, ಕೆಲಸದ ಬಗೆ. ಜೊತೆಗೆ ವರ್ಕ್ ಆರ್ಡರ್ ಪ್ರತಿ, ಗುತ್ತಿಗೆ ಕಾರ್ಮಿಕ ಲೈಸೆನ್ಸ್ ಅನ್ವಯಿಸಿದರೆ ಅದು, ಪಿಎಫ್ ಮತ್ತು ಇಎಸ್‌ಐ ಅಥವಾ ವಿಮೆಯ ದಾಖಲೆ. ಪ್ರತಿ ಆಳಿಗೆ ಒಂದೇ ಬಗೆಯ 6 ಫೋಟೊ ತೆಗೆಸಿಡಿ. ಪೊಲೀಸ್ ಪತ್ರದಲ್ಲಿ ಗಡ್ಡ ಇದ್ದು ಪಾಸಿನಲ್ಲಿ ಇಲ್ಲದಿದ್ದರೆ ಗೇಟಿನಲ್ಲಿ ಪ್ರಶ್ನೆ ಏಳುತ್ತದೆ. ಸಬ್ ಕಾಂಟ್ರಾಕ್ಟಿನ ಆಳುಗಳ ಪಾಸನ್ನೂ ಮುಖ್ಯ ಗುತ್ತಿಗೆದಾರನ ಮೂಲಕವೇ ಕೇಳಬೇಕು, ಆ ಸಬ್ ಕಾಂಟ್ರಾಕ್ಟಿಗೆ ಇಲಾಖೆಯ ಒಪ್ಪಿಗೆಯೂ ಇರಬೇಕು.

ಪಾಸು ಒಬ್ಬ ವ್ಯಕ್ತಿಗೆ, ಒಂದು ಕೆಲಸಕ್ಕೆ, ಒಂದು ಜಾಗಕ್ಕೆ, ಒಂದು ಅವಧಿಗೆ. ಮಲ್ಲಾಪುರದ ಟೌನ್‌ಶಿಪ್‌ನಲ್ಲಿ ಬಣ್ಣ ಹೊಡೆದವನ ಪಾಸು ಕೈಗಾ ಸ್ಥಾವರದ ಗೇಟಿನಲ್ಲಿ ನಡೆಯುವುದಿಲ್ಲ. ಅಲ್ಲಿ ಕಾವಲು ಕೇಂದ್ರದ ಕೈಗಾರಿಕಾ ಭದ್ರತಾ ಪಡೆ ಸಿಐಎಸ್‌ಎಫ್‌ನದು. ಸ್ಥಾವರದ ಒಳಗಿನ ವಿಕಿರಣ ವಲಯದಲ್ಲಿ ಕೆಲಸವಿದ್ದರೆ ಇದರ ಮೇಲೆ ವೈದ್ಯಕೀಯ ತಪಾಸಣೆ, ಸುರಕ್ಷತಾ ತರಬೇತಿ, ತಾಗಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸೇರುತ್ತವೆ. 18 ತುಂಬದವರನ್ನು ಎಲ್ಲಿಗೂ ಕಳಿಸಬೇಡಿ.

ಗಾಡಿಗೆ ಬೇರೆ ಪಾಸು: ಆರ್‌ಸಿ, ವಿಮೆ, ಎಮಿಷನ್, ಚಾಲಕನ ಲೈಸೆನ್ಸ್, ಮತ್ತು ಚಾಲಕನದ್ದೇ ವೆರಿಫಿಕೇಷನ್. ಕ್ವಾರಿಯಿಂದ ಬರುವ ಟಿಪ್ಪರ್‌ಗಳಲ್ಲಿ ದಿನಕ್ಕೊಬ್ಬ ಚಾಲಕ. ಜಲ್ಲಿ ಲೋಡು ಗೇಟಿನ ಎದುರು ಹೆದ್ದಾರಿ 66ರ ಬದಿ ನಿಲ್ಲುವುದು ಈ ಕಾರಣಕ್ಕೇ. ಕ್ವಾರಿ ಮಾಲೀಕರಿಗೆ ಮೂರು ಚಾಲಕರ ಹೆಸರು ಖಾಯಂ ಮಾಡಲು ಮೊದಲೇ ಹೇಳಿ. ವೆಲ್ಡಿಂಗ್ ಯಂತ್ರ, ವೈಬ್ರೇಟರ್, ಜನರೇಟರ್ ಒಳಗೆ ಹೋಗುವಾಗ ಸೀರಿಯಲ್ ನಂಬರು ಸಮೇತ ಎಂಟ್ರಿ ಮಾಡಿಸಿ, ಠಸ್ಸೆ ಹೊಡೆದ ಪ್ರತಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ನಿಮ್ಮದೇ ಯಂತ್ರವನ್ನು ಹೊರಗೆ ತರಲು ಪರದಾಡುತ್ತೀರಿ.

ಈ ಎಲ್ಲ ಕಾಗದಕ್ಕೆ ಒಟ್ಟು ಕನಿಷ್ಠ 45 ದಿನ ಕೈಯಲ್ಲಿಟ್ಟುಕೊಳ್ಳಿ. ಚುನಾವಣೆ ಬಂದರೆ ಠಾಣೆಯಲ್ಲಿ ಯಾರೂ ಸಿಗುವುದಿಲ್ಲ. ಚೌತಿ ಹಿಂದುಮುಂದು ನಿಮ್ಮ ಆಳೂ ಸಿಗುವುದಿಲ್ಲ, ಅದರ ಬಗ್ಗೆ ಯಾರ ಹತ್ತಿರ ಜಗಳ ಮಾಡಿಯೂ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಹೊರಗಿನ ಕೆಲಸ ನಿಂತಾಗ ನವೀಕರಣದ ಕಾಗದ ಮುಗಿಸಿಟ್ಟರೆ ಅಕ್ಟೋಬರಿನಲ್ಲಿ ನೇರ ಕೆಲಸ.

ನಿಮ್ಮ ಕಚೇರಿ, ನಿಮ್ಮ ವರ್ಕ್‌ಶಾಪ್

ಕಟ್ಟಡ, ರಸ್ತೆ, ಪೈಪ್‌ಲೈನ್ ಮಾಡುವವರ ಕಚೇರಿಗೆ ಪ್ರತ್ಯೇಕ ಪರವಾನಗಿ ಸಾಮಾನ್ಯವಾಗಿ ಬೇಕಾಗದು. ರಕ್ಷಣಾ ಉತ್ಪನ್ನ ತಯಾರಿಸಲು ಕೈಗಾರಿಕಾ ಲೈಸೆನ್ಸ್ ಪಡೆದ ಕಾರ್ಖಾನೆಗಳಿಗೆ ಮಾತ್ರ ರಕ್ಷಣಾ ಉತ್ಪಾದನಾ ಇಲಾಖೆಯ 2014ರ ಭದ್ರತಾ ಕೈಪಿಡಿ ಅನ್ವಯಿಸುತ್ತದೆ. ತಯಾರಿಸುವ ವಸ್ತು ಎಷ್ಟು ಸೂಕ್ಷ್ಮ ಎಂಬುದರ ಮೇಲೆ ಎ, ಬಿ, ಸಿ ಎಂದು ವರ್ಗ. ಬೇಲಿ, ಪ್ರವೇಶ, ಕಂಪ್ಯೂಟರ್ ಜಾಲ, ದಾಖಲೆಗಳ ರಕ್ಷಣೆ ಎಲ್ಲವೂ ಆ ವರ್ಗದಂತೆ.

ಉಳಿದವರ ತಲೆಬಿಸಿ ಡ್ರಾಯಿಂಗ್. ನಿಮಗೆ ಕೊಟ್ಟ ನಕ್ಷೆಯ ಮೇಲೆ ರೆಸ್ಟ್ರಿಕ್ಟೆಡ್ ಎಂದು ಮುದ್ರೆ ಇರಲಿ ಇಲ್ಲದಿರಲಿ, 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಪ್ರಕಾರ ನೌಕಾನೆಲೆ ನಿಷೇಧಿತ ಸ್ಥಳ. ಅಲ್ಲಿನ ಮಾಹಿತಿಯನ್ನು ಶತ್ರುವಿಗಾಗಿ ಸಂಗ್ರಹಿಸಿದರೆ 14 ವರ್ಷದವರೆಗೆ, ಅಧಿಕಾರವಿಲ್ಲದವರಿಗೆ ಕೊಟ್ಟರೂ 3 ವರ್ಷದವರೆಗೆ ಸಜೆ. ಕೈಗಾದ ಮಾಹಿತಿಗೆ ಪರಮಾಣು ಶಕ್ತಿಯ ಕಾನೂನೂ ಇದೆ. 2025ರ ಫೆಬ್ರವರಿಯಲ್ಲಿ ನೌಕಾನೆಲೆಯ ಮಾಹಿತಿ ಸೋರಿಕೆಯ ಆರೋಪದಲ್ಲಿ ನಮ್ಮ ಜಿಲ್ಲೆಯವರನ್ನೇ ಎನ್‌ಐಎ ಬಂಧಿಸಿತು. ಫೇಸ್‌ಬುಕ್‌ನಲ್ಲಿ ಪರಿಚಯವಾದವರು ಕೆಲಸದ ಜಾಗದ ಫೋಟೊ ಕೇಳಿದರೆ ತಕ್ಷಣ ಸೂಪರ್‌ವೈಸರ್‌ಗೆ ತಿಳಿಸಬೇಕೆಂದು ಆಳುಗಳಿಗೆ ಕನ್ನಡದಲ್ಲಿ, ಕೊಂಕಣಿಯಲ್ಲಿ, ಹಿಂದಿಯಲ್ಲಿ ಬಿಡಿಸಿ ಹೇಳಿ. ಫಾರಂ ಮೇಲೆ ಸಹಿ ಹಾಕಿಸಿಕೊಂಡರೆ ಸಾಲದು.

ಕಚೇರಿಯಲ್ಲಿ ಬೀಗವಿರುವ ಒಂದು ಕಬ್ಬಿಣದ ಕಪಾಟು ಸಾಕು, ಬೀಗದ ಕೈ ಇಬ್ಬರ ಬಳಿ ಮಾತ್ರ. ಒಂದು ರಿಜಿಸ್ಟರ್: ನಕ್ಷೆಯ ನಂಬರು, ಪರಿಷ್ಕರಣೆ, ಎಷ್ಟು ಪ್ರತಿ, ಯಾರಿಗೆ, ಯಾವಾಗ ಕೊಟ್ಟದ್ದು, ಯಾವಾಗ ಮರಳಿದ್ದು. ಸೈಟ್ ಇಂಜಿನಿಯರ್‌ಗಳು ಬಾರ್ ಬೆಂಡರ್‌ಗೆ ತೋರಿಸಲು ನಕ್ಷೆಯ ಫೋಟೊ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಇದೇ ಅತಿ ದೊಡ್ಡ ತೂತು, ಏಕೆಂದರೆ ಗ್ರೂಪಿನಲ್ಲಿ ಹಿಂದಿನ ಕೆಲಸದ ಆಳುಗಳೂ ಉಳಿದಿರುತ್ತಾರೆ, ಫೋನು ತಾನಾಗಿ ಫೋಟೊವನ್ನು ಕ್ಲೌಡ್‌ಗೆ ಏರಿಸುತ್ತದೆ. ಬಾರ್ ಬೆಂಡರ್‌ಗೆ ಬೇಕಾದ್ದು ಕಂಬಿಯ ಅಳತೆಪಟ್ಟಿ, ಅದನ್ನು ಕೈಯಲ್ಲಿ ಬರೆದುಕೊಡಿ. ಪೇಟೆಯ ಝೆರಾಕ್ಸ್ ಅಂಗಡಿಗೆ ನಕ್ಷೆಯ ಫೈಲ್ ಇಮೇಲ್ ಮಾಡಿದರೆ ಅದು ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಇಲಾಖೆಯಿಂದಲೇ ಹೆಚ್ಚಿನ ಪ್ರತಿ ಬರೆದು ಕೇಳುವುದು ಒಳ್ಳೆಯದು.

ಬಿಟ್ಟು ಹೋದ ಆಳಿನ ಪಾಸನ್ನು ಅದೇ ದಿನ ವಶಕ್ಕೆ ತೆಗೆದುಕೊಂಡು ಮರಳಿಸಿ, ಸ್ವೀಕೃತಿ ಪಡೆಯಿರಿ. ಬಾಕಿ ಸಂಬಳ ಕೊಡುವ ಹೊತ್ತಿಗೇ ಪಾಸು ಕೇಳಿ ಪಡೆಯುವ ರೂಢಿ ಇಟ್ಟುಕೊಂಡರೆ ಸುಲಭ. ಕಳೆದುಹೋದರೆ ಮೊದಲು ಭದ್ರತಾ ಕಚೇರಿಗೆ ಬರಹದಲ್ಲಿ ತಿಳಿಸಿ, ನಂತರ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯೊಂದಿಗೆ ಹೊಸದಕ್ಕೆ ಅರ್ಜಿ. ಕೆಲಸ ಮುಗಿದಾಗ ಮರಳದ ಒಂದು ಪಾಸು, ಲೆಕ್ಕಕ್ಕೆ ಸಿಗದ ಒಂದು ನಕ್ಷೆ ಇದ್ದರೂ ಕೊನೆಯ ಬಿಲ್ಲಿನ ಫೈಲು ಅಲ್ಲಿಗೇ ನಿಲ್ಲಬಹುದು. ಆದ್ದರಿಂದ ಆ ರಿಜಿಸ್ಟರನ್ನು ಬಿಲ್ ಬರೆಯುವ ಮೊದಲು ಒಮ್ಮೆ ತಾಳೆ ನೋಡಿ.