ಮಲೆನಾಡಲ್ಲಿ ಸೈಟ್ ತಗೊಳೋ ಮುಂಚೆ ಮಣ್ಣು ನೋಡೋದು ಹೇಗೆ

ಫೆಬ್ರವರಿ-ಮಾರ್ಚಲ್ಲಿ ಬಂದು ಗುಡ್ಡದ ಮೇಲೆ ನಿಂತು ವ್ಯೂ ನೋಡಿ ಅಲ್ಲೇ ಅಡ್ವಾನ್ಸ್ ಕೊಟ್ಟು ಹೋಗೋರು ಕೊಡಗು, ಮೂಡಿಗೆರೆ, ತೀರ್ಥಹಳ್ಳಿ ಕಡೆ ತುಂಬಾ ಜನ ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಬೇಸಿಗೆಲಿ ಎಲ್ಲಾ ಮಣ್ಣೂ ಗಟ್ಟಿಯಾಗೇ ಕಾಣುತ್ತೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ ಹುಯ್ಯೋ ಸೀಮೆ ಇದು, ಇಲ್ಲಿ ಮಣ್ಣು ನೋಡೋದು ಅಂದ್ರೆ ನೀರು ಎಲ್ಲಿ ಹೋಗುತ್ತೆ ಅಂತ ನೋಡೋದೇ, ಅದಕ್ಕೆ ಜುಲೈ-ಆಗಸ್ಟಲ್ಲಿ ಒಂದ್ಸಲ ಕೊಡೆ ಹಿಡ್ಕೊಂಡು ಹೋಗಿ ಇಡೀ ಜಾಗ ಸುತ್ತಿ ಬನ್ನಿ. ಇನ್ನೊಂದು ವಿಷ್ಯ, ಮನೆಗೆ ನೀರು ನಿಲ್ಲದ ಬಿಗಿ ನೆಲ ಬೇಕು, ಸೆಪ್ಟಿಕ್ ಟ್ಯಾಂಕಿಂದ ಬರೋ ನೀರನ್ನ ನೆಲಕ್ಕೆ ಇಂಗಿಸೋ ಇಂಗುಗುಂಡಿಗೆ ನೀರು ಕುಡಿಯೋ ಮಣ್ಣು ಬೇಕು, ತೋಟಕ್ಕೆ ಎರಡರ ನಡುವಿಂದು. ಒಂದೇ ಎಕರೆಲಿ ಮೂರೂ ಸಿಗಬಹುದು, ಆದ್ರೆ ಯಾವುದು ಎಲ್ಲಿ ಅಂತ ಹುಡುಕ್ಬೇಕು.

ಮೊದಲು ಹತ್ತಿರದ ಬರೆ ನೋಡಿ, ಅಂದ್ರೆ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲೋ ಮಣ್ಣಿನ ಗೋಡೆ, ಶಿವಮೊಗ್ಗ ಕಡೆಯೋರು ಧರೆ ಅಂತೀರಲ್ಲ ಅದೇ. ರಸ್ತೆಗೆ ಅಂತ ಗುಡ್ಡ ಕಡಿದ ಜಾಗದಲ್ಲಿ ಒಳಗಿರೋದೆಲ್ಲ ಕಾಣುತ್ತೆ. ಮೇಲೆ ತರಗೆಲೆ ಕೊಳೆತ ಕಪ್ಪು ಮಣ್ಣು, ಕೆಳಗೆ ಕೆಂಪು ಮಣ್ಣು, ಕೆಲವು ಕಡೆ ಜಂಬಿಟ್ಟಿಗೆ (ತೂತುತೂತಾದ ಕೆಂಪು ಕಲ್ಲು), ಅದರ ಅಡಿಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಮಣ್ಣು. ಈ ಶೇಡಿ ಬಗ್ಗೆ ಹುಷಾರಾಗಿರಿ. ಒಣಗಿದಾಗ ಪಿಕಾಸಿಗೂ ಬಗ್ಗಲ್ಲ, ನೀರು ಕುಡಿದ್ರೆ ಶಕ್ತಿನೇ ಇರಲ್ಲ. ಪರೀಕ್ಷೆ ಸುಲಭ, ಒಂದು ಒಣ ಹೆಂಟೆ ತಗೊಂಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ, ಅಂಚಿಂದ ಪುಡಿಪುಡಿಯಾಗಿ ಉದುರ್ತಾ ತಳದಲ್ಲಿ ಗುಡ್ಡೆ ಆಗೋಯ್ತು ಅಂದ್ರೆ ಆ ಮಣ್ಣನ್ನ ಕಡಿದು ಮಳೆಗೆ ಬರಿಮೈ ಬಿಡಬಾರದು. 2018ರ ಆಗಸ್ಟಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ ಮೇಲೆ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದವರು ಬಂದು ನೋಡಿ ಬೊಟ್ಟು ಮಾಡಿದ್ದೂ ಮನುಷ್ಯರು ಇಳಿಜಾರು ಕಡಿದಿದ್ದರ ಕಡೆಗೇ, ಮಳೆ ಜೋರಾಗಿತ್ತು ನಿಜ, ಆದ್ರೆ ಬುಡ ಕಡಿಸಿಕೊಂಡ ಗುಡ್ಡಕ್ಕೆ ಅದನ್ನ ತಡ್ಕೊಳೋ ಶಕ್ತಿ ಎಲ್ಲಿಂದ ಬರ್ಬೇಕು.

ಇಳಿಜಾರು ಅಳೆಯೋಕೆ ಮೇಸ್ತ್ರಿ ಹತ್ರ ಇರೋ, ನೀರು ತುಂಬಿಸಿ ಮಟ್ಟ ನೋಡೋ ಲೆವೆಲ್ ಪೈಪ್ ಸಾಕು. ಅಡ್ಡಕ್ಕೆ 10 ಅಡಿ ಹೋದಾಗ 3 ಅಡಿ ಇಳಿದ್ರೆ 30 ಪರ್ಸೆಂಟ್, ಅದಕ್ಕಿಂತ ಕಡಿದಾಗಿದ್ರೆ ಮಣ್ಣು ಪರೀಕ್ಷೆ ಮಾಡೋ ಇಂಜಿನಿಯರ್ ನೋಡದೆ ಪಾಯ ಹಾಕ್ಬೇಡಿ ಅನ್ನೋದು ನನ್ನ ಅಭಿಪ್ರಾಯ. ಜೆಸಿಬಿಲಿ ಮಟ್ಟ ಮಾಡಿದ ರೆಡಿ ಸೈಟ್ ತೋರಿಸಿದ್ರೆ ಹೊರ ಅಂಚಲ್ಲಿ ಹಾರೆ ಹಾಕಿ ನೋಡಿ, ಸಲೀಸಾಗಿ ಇಳಿದು ಒಳಗಿಂದ ಹೆಂಚಿನ ಚೂರು, ಬೇರು, ಬಣ್ಣಬಣ್ಣದ ಕಲಸುಮಣ್ಣು ಬಂದ್ರೆ ಅದು ತುಂಬಿಸಿದ ಮಣ್ಣು, ಅರ್ಧ ಮನೆ ಗಟ್ಟಿ ನೆಲದ ಮೇಲೆ ಅರ್ಧ ಇದರ ಮೇಲೆ ಬಂದ್ರೆ ಒಂದು ಕಡೆ ಕುಸಿದು ಗೋಡೆ ಸೀಳುತ್ತೆ. ಗುಡ್ಡದ ನಡುಮಧ್ಯೆ ಕೆಸ, ಮುಂಡುಗದಂಥ ಒದ್ದೆ ನೆಲದ ಗಿಡ ಹುಲುಸಾಗಿದ್ರೆ ಅಲ್ಲಿ ಜಲ ಏಳುತ್ತೆ ಅಂತ ಅರ್ಥ. ಮರಗಳ ಬುಡ ಇಳಿಜಾರಿನ ಕಡೆ ಬಾಗಿ ಮತ್ತೆ ನೆಟ್ಟಗೆ ಎದ್ದಿದ್ರೆ ನೆಲ ನಿಧಾನಕ್ಕೆ ಜಾರ್ತಿರಬಹುದು. ಅಲ್ಲೇ ವಾಸ ಇರೋರಿಗೆ ಒಂದು ಮಾತು, ತಿಳಿನೀರು ಬರ್ತಿದ್ದ ಒರತೆ ಮಳೆಗಾಲದಲ್ಲಿ ಇದ್ದಕ್ಕಿದ್ದಂಗೆ ಕೆಂಪು ಕೆಸರು ಉಗುಳೋಕೆ ಶುರು ಮಾಡಿದ್ರೆ, ಇಲ್ಲ ಮನೆ ಮೇಲ್ಗಡೆ ನೆಲದಲ್ಲಿ ಬಿರುಕು ಕಂಡ್ರೆ, ಸಾಮಾನು ಗೀಮಾನು ನೋಡ್ದೆ ಮನೆ ಬಿಟ್ಟು ಹೊರಡಿ.

ಇನ್ನು ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ. ಅದು ಬರೋ ಆಳಕ್ಕೆ ತೋಡಿ ತಳದಲ್ಲಿ ಒಂದಡಿ ಅಗಲದ ಕುಳಿ ಮಾಡಿ, ಹಾರೆ ಸವರಿ ನುಣುಪಾದ ಬದಿನ ಕೆರೆದು, 2 ಇಂಚು ಜಲ್ಲಿ ಹಾಕಿ ನೀರು ತುಂಬಿಸಿ ರಾತ್ರಿಯಿಡೀ ನೆನೆಯೋಕೆ ಬಿಡಿ, ಒಣ ಮಣ್ಣು ಮೊದಲು ಗಟಗಟ ಕುಡಿದು ಸುಳ್ಳು ಲೆಕ್ಕ ಕೊಡುತ್ತೆ. ಬೆಳಗ್ಗೆ ಜಲ್ಲಿ ಮೇಲೆ 6 ಇಂಚು ನೀರು ನಿಲ್ಲಿಸಿ ಒಂದು ಇಂಚು ಇಳಿಯೋಕೆ ಎಷ್ಟು ನಿಮಿಷ ನೋಡಿ. 30 ನಿಮಿಷದೊಳಗೆ ಇಳಿದ್ರೆ ಇಂಗುಗುಂಡಿ ಸಾಕು, 30ರಿಂದ 60 ಆದ್ರೆ ಉದ್ದಕ್ಕೆ ಜಲ್ಲಿ ತುಂಬಿದ ಕಾಲುವೆ ಬೇಕು, 60 ದಾಟಿದ್ರೆ ಆ ಜಾಗ ಬಿಡಿ. ಕ್ಷಣದಲ್ಲಿ ಮಾಯ ಆದ್ರೂ ಖುಷಿಪಡ್ಬೇಡಿ, ತೂತು ಜಂಬಿಟ್ಟಿಗೆಲಿ ಕೊಳಕು ನೀರು ಸೋಸದೇನೇ ಕೆಳಗಿನ ಮನೆಯವರ ಬಾವಿ ಸೇರುತ್ತೆ. ಬಾವಿಯಿಂದ ಕನಿಷ್ಠ 60 ಅಡಿ ದೂರ, ಅದೂ ಬಾವಿಗಿಂತ ಕೆಳಗೆ ಇರ್ಲಿ. ಬರೆಯ ನೆತ್ತಿ ಮೇಲಂತೂ ಇಂಗುಗುಂಡಿ ಬೇಡವೇ ಬೇಡ, ದಿನಾ ನೀರು ಕುಡಿಸಿ ಬರೆನ ನೀವೇ ಬೀಳಿಸಿದಂಗೆ.

ತೋಟದ ಮಣ್ಣು ಅಷ್ಟು ಕಷ್ಟ ಇಲ್ಲ. ಬಾಟ್ಲಿಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚೆನ್ನಾಗಿ ಕುಲುಕಿ ಇಟ್ರೆ ಮರಳು ನಿಮಿಷದಲ್ಲಿ ತಳ ಸೇರುತ್ತೆ, ಜೇಡಿ ಮಾರನೇ ದಿನಕ್ಕೂ ತೇಲ್ತಿರುತ್ತೆ, ಯಾವುದು ಎಷ್ಟು ದಪ್ಪ ಅಂತ ಪದರದಲ್ಲೇ ಗೊತ್ತಾಗುತ್ತೆ. ನಮ್ಮ ಕಡೆ ಮಳೆ ಸುಣ್ಣದಂಶ ತೊಳ್ಕೊಂಡು ಹೋಗೋದ್ರಿಂದ ಮಣ್ಣು ಹುಳಿ ಇರೋದೇ ಜಾಸ್ತಿ, ಗೊಬ್ಬರ ಹಾಕೋ ಮುಂಚೆ ನಾಲ್ಕಾರು ಕಡೆಯಿಂದ ಮಣ್ಣು ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ, ರಿಪೋರ್ಟ್ ಬಂದಷ್ಟೇ ಸುಣ್ಣ ಹಾಕಿ, ಗೊಬ್ಬರದ ಜೊತೆ ಒಟ್ಟಿಗೆ ಬೇಡ. ಮನೆಗೆ ಜೆಸಿಬಿ ಬರೋ ದಿನ ಮಾತ್ರ ನೀವು ಅಲ್ಲೇ ನಿಂತಿರಿ, ಮೇಲಿನ ಕಪ್ಪು ಮಣ್ಣನ್ನ ಮೊದ್ಲು ಕೆರೆಸಿ ಬೇರೆ ಕಡೆ ಗುಡ್ಡೆ ಹಾಕ್ಸಿ ಟಾರ್ಪಾಲ್ ಮುಚ್ಚಿ, ಅದು ಕೆಳಗಿನ ಕೆಂಪು ಮಣ್ಣಲ್ಲಿ ಕಲಸಿಹೋದ್ರೆ ಆಮೇಲೆ ಎಷ್ಟು ಲೋಡ್ ಗೊಬ್ಬರ ತರಿಸಿದ್ರೂ ತರಕಾರಿ ಏಳೋಕೆ ವರ್ಷಗಟ್ಟಲೆ ಬೇಕು.