ನೂರರವರೆಗೆ ಹೇಳುವ ಮಗುವಿಗೆ ಏಳನ್ನು ಎಣಿಸಲು ಕಲಿಸುವುದು

ನೆಂಟರು ಬಂದಾಗ ನಾಲ್ಕು ವರ್ಷದ ಮಗುವಿನಿಂದ ನೂರರವರೆಗೆ ಹೇಳಿಸಿ ಹಿಗ್ಗುವ ಹೆತ್ತವರನ್ನು ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆಯ ಕಡೆ ಬೇಕಾದಷ್ಟು ಕಂಡಿದ್ದೇನೆ. ಅದೇ ಮಗುವಿನ ಮುಂದೆ ಹುಣಸೆ ಬೀಜ ರಾಶಿ ಹಾಕಿ "ಏಳು ಕೊಡು" ಎಂದರೆ ಅದು ಮುಷ್ಟಿ ತುಂಬ ಬಾಚಿ ಕೊಡುತ್ತದೆ. ಬಾಯಿಪಾಠ ಬಂದಿದೆ, ಎಣಿಕೆ ಬಂದಿಲ್ಲ. ಅದನ್ನು ತರಿಸಲು ದಿನಕ್ಕೆ ಹತ್ತು ನಿಮಿಷ, ಮಗುವಿನೆದುರು ಒಬ್ಬರೇ ದೊಡ್ಡವರು ಸಾಕು. ಅಣ್ಣ, ಅಕ್ಕಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಉತ್ತರಗಳೆಲ್ಲ ಅವರ ಬಾಯಿಯಿಂದಲೇ ಬರುತ್ತವೆ.

ಮೊದಲು ಅಟ್ಟದ ಮೇಲಿನ ಚೆನ್ನೆಮಣೆಯನ್ನು, ಅಂದರೆ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆಯನ್ನು, ಇಳಿಸಿ. ಆಟಕ್ಕಾದರೆ ಅದರ 14 ಗುಳಿಗಳಿಗೆ ನಾಲ್ಕರಂತೆ 56 ಕಾಯಿ ಬೇಕು. ನಮಗೆ ಆರಂಭಕ್ಕೆ ಹತ್ತು ಮಂಜೊಟ್ಟಿ, ಅಂದರೆ ಆ ಆಟದ ಕೆಂಪು ಬೀಜ, ಸಾಕು. ತುಳುವರ ಆಟಿ ತಿಂಗಳಲ್ಲದೆ ಮಣೆ ಮುಟ್ಟಬಾರದೆಂದು ಅಜ್ಜಿ ತಡೆದರೆ ವಾದಕ್ಕಿಳಿಯದೆ ತೆಂಗಿನ ಗೆರಟೆಗಳನ್ನು ಸಾಲಾಗಿಡಿ. ಗುಲಗಂಜಿ ವಿಷದ ಬೀಜವಾದ್ದರಿಂದ ಅದನ್ನು ಎಂದೂ ಬಳಸಬಾರದು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ಯಾವ ಬೀಜವೂ ಬೇಡ, ಚಮಚಗಳನ್ನು ಕೊಡಿ. ಗುಂಡಿ ಒತ್ತಿದರೆ ಸಂಖ್ಯೆ ಹಾಡುವ ಬ್ಯಾಟರಿ ಹಲಗೆಗಳಿಗೆ ದುಡ್ಡು ಸುರಿಯಬೇಡಿ. ಅಲ್ಲಿ ಎಣಿಸುವುದು ಹಲಗೆಯೇ ಹೊರತು ಮಗುವಲ್ಲ.

ಮನೆಯಲ್ಲಿ ತುಳುವಿನ ಒಂಜಿ, ರಡ್ಡ್, ಶಾಲೆಯಲ್ಲಿ ಕನ್ನಡದ ಒಂದು, ಎರಡು, ಅಂಗಡಿಯಲ್ಲಿ ಮಲಯಾಳದ ಒನ್ನು, ರಂಡು ಕೇಳುವ ನಮ್ಮ ಮಕ್ಕಳಿಗೆ ಯಾವ ಭಾಷೆಯಲ್ಲಿ ಕಲಿಸಬೇಕೆಂದು ಕೇಳುವವರಿದ್ದಾರೆ. ಮನೆಮಾತಿನಲ್ಲೇ ಆರಂಭಿಸಿ, ಒಮ್ಮೆ ಕೂತಾಗ ಒಂದೇ ಭಾಷೆ ಬಳಸಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಒಂದು ಕಾಯಿಗೆ ಒಂದೇ ಮಾತು ಎಂಬುದು ನಮಗೆ ಸಹಜವಾಗಿ ಕಂಡರೂ ಮಗುವಿನ ನಾಲಗೆ ಬೆರಳಿಗಿಂತ ಮುಂದೆ ಓಡುತ್ತದೆ, ಇಲ್ಲವೇ "ಎ-ರ-ಡು" ಎಂದು ಮೂರು ಅಕ್ಷರಕ್ಕೆ ಮೂರು ಕಾಯಿ ಮುಟ್ಟಿಬಿಡುತ್ತದೆ. ಆಗ ಅದರ ಬೆರಳು ಹಿಡಿದು ನಡೆಸಬೇಡಿ. ಗುಳಿಗೊಂದರಂತೆ ಕಾಯಿ ಹಾಕಿಸಿ, ಕಾಯಿ ಟಕ್ಕೆಂದು ಬಿದ್ದ ಮೇಲೆಯೇ ಸಂಖ್ಯೆ ಹೇಳಬೇಕೆಂಬ ನಿಯಮ ಮಾಡಿ, ಮೊದಲು ನೀವೇ ನಿಧಾನವಾಗಿ ಮಾಡಿ ತೋರಿಸಿ. ಮೂರು ಕಾಯಿಗಳಿಂದ ಆರಂಭಿಸಿ, ನಾಲ್ಕು ದಿನ ತಪ್ಪದೆ ಬಂದರೆ ಮಾತ್ರ ನಾಲ್ಕನೆಯದನ್ನು ಸೇರಿಸಿ.

ಎಣಿಸಿ ಮುಗಿಸಿದ ಕೂಡಲೇ "ಒಟ್ಟು ಎಷ್ಟು?" ಎಂದು ಕೇಳಿ. ಮಗು ಪುನಃ ಒಂದರಿಂದ ಎಣಿಸತೊಡಗಿದರೆ, ಕೊನೆಗೆ ಹೇಳಿದ ಮಾತೇ ಒಟ್ಟು ಮೊತ್ತವೆಂಬುದು ಅದಕ್ಕಿನ್ನೂ ಹೊಳೆದಿಲ್ಲ ಎಂದರ್ಥ. "ಈಗಷ್ಟೇ ಎಣಿಸಿದೆಯಲ್ಲ" ಎಂದು ಗದರಬೇಡಿ. ಎಣಿಸಿದ ಕಾಯಿಗಳನ್ನು ಅದರ ಕಣ್ಣೆದುರೇ ಒಟ್ಟು ಮಾಡಿ, ಅಂಗೈಯಿಂದ ಮುಚ್ಚಿ, ಅದೇ ಪ್ರಶ್ನೆ ಕೇಳಿ. ಕಾಣದ್ದನ್ನು ಮತ್ತೆ ಎಣಿಸಲಾಗದೆ ಮಗು ಒಂದು ಗಳಿಗೆ ತಡೆಯುತ್ತದೆ. ಆ ತಡೆಯುವಿಕೆಯನ್ನು ಸಹಿಸಲಾರದೆ ಉತ್ತರ ಹೇಳಿಕೊಡುವವರೇ ಹೆಚ್ಚು, ನೀವು ಸುಮ್ಮನಿರಿ. ಉತ್ತರ ಬಾರದಿದ್ದರೆ ಕೈ ತೆರೆದು, ಒಂದು ಕಾಯಿ ಕಡಮೆ ಮಾಡಿ, ಮೊದಲಿನಿಂದ ಆರಂಭಿಸಿ. ಇದು ಸಾಧಿಸಿದ ಮೇಲೆ "ನಾಲ್ಕು ಕೊಡು" ಎಂದು ರಾಶಿಯಿಂದ ತೆಗೆಸಿ. ಐದು ಕಾಯಿಗಳನ್ನು ದೂರದೂರ ಹರಡಿದಾಗ ಹೆಚ್ಚಾದವು ಎಂದರೆ ಗಾಬರಿಯಾಗಬೇಡಿ, ಆ ವಯಸ್ಸಿನಲ್ಲಿ ಅದು ಸಹಜ.

ಸೊನ್ನೆಯನ್ನು ಖಾಲಿ ಗುಳಿ ತೋರಿಸಿದರೆ ಕಲಿಯುತ್ತದೆ. ಅಂಕಿ ಬರೆಯಿಸುವ ಅವಸರ ಬೇಡ.

ಹತ್ತು ದಾಟುವಾಗ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಪ್ಪತ್ತೊಂದರಲ್ಲಿ ಇಪ್ಪತ್ತೂ ಒಂದೂ ಕೇಳಿಸುವಂತೆ ಹನ್ನೊಂದರಲ್ಲಿ ಹತ್ತು ಕೇಳಿಸುವುದಿಲ್ಲ. ಒಂದು ಗೆರಟೆಯಲ್ಲಿ ಹತ್ತು ಕಾಯಿ ತುಂಬಿಸಿ, ಪಕ್ಕದಲ್ಲಿ ಒಂದನ್ನಿಟ್ಟು, "ಹತ್ತು, ಮತ್ತೊಂದು, ಹನ್ನೊಂದು" ಎಂದು ಹೇಳಿಸಿ.

ಮಣೆ ಎತ್ತಿಟ್ಟ ಮೇಲೆ, ಊಟದ ಹೊತ್ತಿಗೆ "ಎಲ್ಲರಿಗೂ ಬಟ್ಟಲು ತಾ" ಎನ್ನಿ, ಎಷ್ಟೆಂದು ಹೇಳಬೇಡಿ. ಒಂದು ಕಡಮೆಯಾದರೆ ನೀವು ಏಳಬೇಡಿ. ಅದೇ ಹೋಗಿ ತರಲಿ.