ಡಬ್ಬ ಚಿಕ್ಕದಾಯಿತು, ನೋಡುವ ಹೊತ್ತು ಜಾಸ್ತಿಯಾಯಿತು

ಕ್ರೀಡಾ ಕಾರ್ಡ್, ಅಂದರೆ ಆಟಗಾರರ ಚಿತ್ರವಿರುವ, ಪ್ಯಾಕ್‌ಗಳಲ್ಲಿ ಸಿಗುವ ಕಾರ್ಡ್‌ಗಳ ಸಂಗ್ರಹ ಶುರುಮಾಡಿದಾಗ ನನಗೆ ಎಲ್ಲವೂ ಬೇಕಿತ್ತು. ಬೇಸ್‌ಬಾಲ್ ಆದರೂ ಸರಿ, ಬಾಸ್ಕೆಟ್‌ಬಾಲ್ ಆದರೂ ಸರಿ. ಪ್ಯಾಕ್ ಒಡೆಯುವುದೇ ಸುಖ. ಒಳಗೆ ಯಾರಿದ್ದಾರೆ ಅಂತ ಗೊತ್ತಿಲ್ಲದ ಆ ಕೆಲವು ಕ್ಷಣಗಳಿಗಾಗಿಯೇ ನಾನು ಪ್ಯಾಕ್ ಮೇಲೆ ಪ್ಯಾಕ್ ಕೊಳ್ಳುತ್ತಿದ್ದೆ. ಕಾರ್ಡ್‌ಗಳು ಡಬ್ಬಕ್ಕೆ ಹೋಗುತ್ತಿದ್ದವು. ಡಬ್ಬ ತುಂಬಿದರೆ ಇನ್ನೊಂದು ಡಬ್ಬ.

ಆ ಹಂತವನ್ನು ಈಗಲೂ ನಾನು ಕಡಿಮೆ ಅನ್ನುವುದಿಲ್ಲ. ಸಾವಿರಾರು ಕಾರ್ಡ್ ಕೈಯಲ್ಲಿ ಹಾದುಹೋದರೆ ಮಾತ್ರ ಕಣ್ಣು ಪಳಗುತ್ತದೆ. ಯಾವ ವರ್ಷದ ಅಂಚು ಹೇಗಿರುತ್ತದೆ, ಯಾವ ಕಾಗದ ದಪ್ಪ, ಯಾವುದು ಬೇಗ ಮೂಲೆ ಸವೆಯುತ್ತದೆ, ಇದೆಲ್ಲ ಕೈಗೆ ತಾನಾಗಿ ಗೊತ್ತಾಗುತ್ತದೆ. ಹೊಸಬರು ಕೇಳಿದರೆ 1980ರ ದಶಕದ ಕೊನೆ ಮತ್ತು 90ರ ಶುರುವಿನ ಪ್ಯಾಕ್‌ಗಳ ಬಾಕ್ಸ್ ತೆಗೆದುಕೊಳ್ಳಿ ಅಂತ ಹೇಳುತ್ತೇನೆ. ಆ ಕಾಲದಲ್ಲಿ ಕಂಪನಿಗಳು ಎಷ್ಟು ಮುದ್ರಿಸಿದವು ಅಂದರೆ, ಸಂಗ್ರಾಹಕರು ಅದನ್ನು ‘ಜಂಕ್ ವ್ಯಾಕ್ಸ್’ ಕಾಲ ಅಂತಲೇ ಕರೆಯುತ್ತಾರೆ (ಜಂಕ್ ಅಂದರೆ ಕಸ, ವ್ಯಾಕ್ಸ್ ಅಂದರೆ ಪ್ಯಾಕ್ ಸುತ್ತುವ ಮೇಣದ ಹಾಳೆ). ಒಡೆಯದ ಬಾಕ್ಸ್‌ಗಳು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ. ಪ್ಯಾಕ್ ಒಡೆಯುವ ಆಸೆ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಎರಡನೇ ಹಂತ ಸೆಟ್ ಕಟ್ಟುವುದು, ಅಂದರೆ ಒಂದು ಕಂಪನಿ ನಂಬರ್ ಹಾಕಿ ಒಟ್ಟಿಗೆ ತಂದ ಕಾರ್ಡ್‌ಗಳನ್ನೆಲ್ಲ ಕೂಡಿಸುವುದು. ಇಲ್ಲಿ ಅಭ್ಯಾಸ ಪೂರ್ತಿ ಬದಲಾಯಿತು. ಪ್ಯಾಕ್ ಕೊಳ್ಳುವುದು ಕಡಿಮೆಯಾಗಿ ಬಿಡಿ ಕಾರ್ಡ್ ಕೊಳ್ಳುವುದು ಜಾಸ್ತಿಯಾಯಿತು. ಜೇಬಿನಲ್ಲಿ ಯಾವಾಗಲೂ ಬೇಕಾದ ನಂಬರ್‌ಗಳ ಪಟ್ಟಿ. 1986ರ ಫ್ಲೀರ್ ಕಂಪನಿಯ ಬಾಸ್ಕೆಟ್‌ಬಾಲ್ ಸೆಟ್ ಶುರುಮಾಡುವವರಿಗೆ ಚೆನ್ನ, ಯಾಕೆಂದರೆ ಅದರಲ್ಲಿರುವುದು 132 ಕಾರ್ಡ್ ಅಷ್ಟೇ. ಆದರೆ 57ನೇ ನಂಬರ್ ಮೈಕಲ್ ಜೋರ್ಡನ್. ಉಳಿದ 131 ಕಾರ್ಡ್‌ಗೆ ಒಂದು ಲೆಕ್ಕ, ಆ ಒಂದಕ್ಕೇ ಬೇರೆ ಲೆಕ್ಕ. ಸೆಟ್ ಕಟ್ಟುವಾಗ ಯಾರಿಗೂ ಬೇಡದ ಆಟಗಾರರ ಮೇಲೂ ಪ್ರೀತಿ ಹುಟ್ಟುತ್ತದೆ. ಕಾರ್ಡ್ ಇಡುವ ಒಂಬತ್ತು ಜೇಬಿನ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಜೇಬು ಖಾಲಿ ಇದ್ದರೆ, ಅಲ್ಲಿಗೆ ಬರಬೇಕಾದವನು ಬೆಂಚಿನ ಮೇಲೆ ಕೂತೇ ಆಟದ ದಿನಗಳನ್ನು ಮುಗಿಸಿದವನಾದರೂ ಅವನೇ ಬೇಕು.

ಆಮೇಲೆ ರೂಕಿ ಕಾರ್ಡ್ (ಆಟಗಾರ ಹೊಸಬನಾಗಿದ್ದಾಗಿನ ಮೊದಲ ಕಾರ್ಡ್), ಹೊಳೆಯುವ ಕಾರ್ಡ್, ಗ್ರೇಡ್ ಆದ, ಅಂದರೆ ಸ್ಥಿತಿ ನೋಡಿ ಅಂಕ ಕೊಟ್ಟ ಕಾರ್ಡ್. ಬಹುತೇಕ ಎಲ್ಲರೂ ಈ ದಾರಿಯಲ್ಲಿ ಬರುತ್ತಾರೆ. 1989ರಲ್ಲಿ ಅಪ್ಪರ್ ಡೆಕ್ ಕಂಪನಿ ತನ್ನ ಮೊದಲ ಸೆಟ್‌ನ 1ನೇ ನಂಬರನ್ನು ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್‌ಗೆ ಕೊಟ್ಟಿತು. ಅವನಿನ್ನೂ ದೊಡ್ಡ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರದ ಹುಡುಗ. 1993ರಲ್ಲಿ ಟಾಪ್ಸ್ ಕಂಪನಿ ತನ್ನ ಫೈನೆಸ್ಟ್ ಸೆಟ್‌ನಲ್ಲಿ ರಿಫ್ರ್ಯಾಕ್ಟರ್ ಎಂಬ ಹೊಳೆಯುವ ಕಾರ್ಡ್ ತಂದಿತು. ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಬಣ್ಣ ಓಡುತ್ತದೆ. ಆಮೇಲೆ ಬಂದ ಬಣ್ಣಬಣ್ಣದ ಪ್ಯಾರಲಲ್‌ಗಳಿಗೆಲ್ಲ, ಅಂದರೆ ಒಂದೇ ಕಾರ್ಡಿನ ಬೇರೆ ಬೇರೆ ಬಣ್ಣದ ರೂಪಗಳಿಗೆಲ್ಲ, ಅದೇ ಬುನಾದಿ.

ಗ್ರೇಡಿಂಗ್ ನನ್ನ ಅಭ್ಯಾಸವನ್ನು ಎಲ್ಲಕ್ಕಿಂತ ಜಾಸ್ತಿ ಬದಲಿಸಿತು. ಗ್ರೇಡಿಂಗ್ ಮಾಡುವ ಪಿಎಸ್‌ಎ ಕಂಪನಿ 1991ರಲ್ಲಿ ಶುರುವಾದದ್ದು. ಕಾರ್ಡಿನ ಚಿತ್ರ ನಡುವಿನಲ್ಲಿ ಇದೆಯೇ, ಮೂಲೆ, ಅಂಚು, ಮೇಲ್ಮೈ ಹೇಗಿದೆ ಎಂದು ನೋಡಿ, 10ರವರೆಗೆ ಅಂಕ ಕೊಟ್ಟು ಸ್ಲ್ಯಾಬ್ ಎಂಬ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ. ದೊಡ್ಡ ಬೆಲೆಯ ಕಾರ್ಡ್‌ಗೆ ಇದು ಬೇಕೇಬೇಕು. ನಕಲಿ, ಅಂಚು ಕತ್ತರಿಸಿದ ಕಾರ್ಡ್‌ಗಳ ಭಯ ಕಡಿಮೆಯಾಗುತ್ತದೆ. ಆದರೆ ಅಂಕ ನೋಡಿ ಕೊಳ್ಳಲು ಶುರುಮಾಡಿದರೆ ಕಾರ್ಡ್ ನೋಡುವುದು ಕಡಿಮೆಯಾಗುತ್ತದೆ. 9 ಅಂಕದ ಕಾರ್ಡ್‌ಗೂ 10 ಅಂಕದ ಕಾರ್ಡ್‌ಗೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಅಂತರ. 2021ರ ಜನವರಿಯಲ್ಲಿ ಅದೇ 1986ರ ಜೋರ್ಡನ್ ಕಾರ್ಡ್, ಪಿಎಸ್‌ಎ 10, ಹರಾಜಿನಲ್ಲಿ 7,38,000 ಡಾಲರ್‌ಗೆ ಹೋಯಿತು. ಅದೇ ವರ್ಷದೊಳಗೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಕಾರ್ಡಿನ ಒಂದು ಚುಕ್ಕೆಯೂ ಬದಲಾಗಿರಲಿಲ್ಲ, ಅಲ್ವಾ?

ಅಲ್ಲಿಂದ ನನ್ನ ರುಚಿ ಹಿಂದಕ್ಕೆ ತಿರುಗಿತು. ಹಳೆಯ ಕಾರ್ಡ್‌ಗಳ ಕಡೆಗೆ.

1952ರ ಟಾಪ್ಸ್ ಸೆಟ್ ಅಂದರೆ ಎಲ್ಲರಿಗೂ 311ನೇ ನಂಬರಿನ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ನೆನಪಾಗುತ್ತಾನೆ. 2022ರಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರ್‌ಗೆ ಮಾರಾಟವಾಯಿತು. ಕುತೂಹಲದ ವಿಷಯ ಏನೆಂದರೆ, ಅದು ಅವನ ರೂಕಿ ಕಾರ್ಡೇ ಅಲ್ಲ. ರೂಕಿ ಕಾರ್ಡ್ 1951ರಲ್ಲಿ ಬೌಮನ್ ಕಂಪನಿ ತಂದದ್ದು. ಹಾಗಿದ್ದರೂ ಜನ 1952ರದ್ದನ್ನೇ ಬಯಸುತ್ತಾರೆ, ಅದರ ಚಂದಕ್ಕಾಗಿ, ಆ ನೀಲಿ ಹಿನ್ನೆಲೆಗಾಗಿ. ಇದು ತಿಳಿದ ಮೇಲೆ ‘ರೂಕಿ ಆದರೆ ಮಾತ್ರ ಬೆಲೆ’ ಎಂಬ ಲೆಕ್ಕ ನನ್ನ ತಲೆಯಿಂದ ಹೊರಟೇ ಹೋಯಿತು. ಆ ಸೆಟ್ಟಿನಲ್ಲಿ 407 ಕಾರ್ಡ್‌ಗಳಿವೆ. ಮ್ಯಾಂಟಲ್ ನನ್ನ ಕೈಗೆ ಎಟುಕುವವನಲ್ಲ. ಆದರೆ ಅದೇ ಸೆಟ್ಟಿನ ಸಾಮಾನ್ಯ ಆಟಗಾರನ ಕಾರ್ಡ್, ಮೂಲೆ ದುಂಡಗಾಗಿದ್ದರೂ, ಅಷ್ಟೇ ಚಂದ. ಬಣ್ಣ ಅದೇ, ವಿನ್ಯಾಸ ಅದೇ.

ಹಳೆಯ ಕಾರ್ಡ್ ನನಗೆ ಹಿಂಭಾಗ ಓದುವುದನ್ನೂ ಕಲಿಸಿತು. ಟಿ206 ಎಂಬ ಸಿಗರೇಟ್ ಕಾರ್ಡ್‌ಗಳು 1909ರಿಂದ 1911ರವರೆಗೆ ಬಂದವು. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡಿಗೆ ಪ್ರಸಿದ್ಧವಾದದ್ದು ಇದೇ ಸೆಟ್. ಒಬ್ಬನೇ ಆಟಗಾರ, ಒಂದೇ ಚಿತ್ರ, ಆದರೆ ಹಿಂದೆ ಬೇರೆ ಬೇರೆ ಸಿಗರೇಟ್ ಬ್ರ್ಯಾಂಡ್. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಸುಲಭವಾಗಿ ಸಿಗುತ್ತವೆ. ಕೆಲವು ಬ್ರ್ಯಾಂಡ್‌ಗಳು ತುಂಬಾ ಅಪರೂಪ. ಬರೀ ಹಿಂಭಾಗಕ್ಕಾಗಿಯೇ ಸಂಗ್ರಹಿಸುವವರಿದ್ದಾರೆ, ಈಗ ನಾನೂ ಅವರಲ್ಲಿ ಒಬ್ಬ.

ರುಚಿ ಬದಲಾದಂತೆ ಸಾಮಾನೂ ಬದಲಾಗಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಈಗಿನ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಅಳತೆ ಟಾಪ್ಸ್‌ನಲ್ಲಿ ನೆಲೆಯಾದದ್ದು 1957ರಲ್ಲಿ. 1952ರ ಕಾರ್ಡ್ ಅದಕ್ಕಿಂತ ದೊಡ್ಡದು. ಸಾಮಾನ್ಯ ಸ್ಲೀವ್‌ಗೆ (ಕಾರ್ಡ್ ಹಾಕುವ ತೆಳು ಪ್ಲಾಸ್ಟಿಕ್ ಚೀಲಕ್ಕೆ) ತುರುಕಿದರೆ ಮೂಲೆ ಹೋಯಿತು ಅಂತಲೇ ಲೆಕ್ಕ. ಟಿ206 ತೀರಾ ಚಿಕ್ಕದು, ದೊಡ್ಡ ಸ್ಲೀವ್‌ನಲ್ಲಿ ಅಲ್ಲಾಡಿ ಅಂಚು ಸವೆಯುತ್ತದೆ. ಅಳತೆಗೆ ತಕ್ಕ ಸ್ಲೀವ್, ಹೊರಗೊಂದು ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ, ಬಿಸಿಲು ಮತ್ತು ತೇವ ತಾಗದ ಜಾಗ. ಹಳೆಯ ಮೆದು ಪಿವಿಸಿ ಹಾಳೆಗಳಲ್ಲಿ ಮಾತ್ರ ಇಡಬೇಡಿ. ಅದು ವರ್ಷ ಕಳೆದಂತೆ ಅಂಟಂಟಾಗಿ ಕಾರ್ಡನ್ನು ಕೆಡಿಸುತ್ತದೆ.

ಇನ್ನು ಬೇಡವಾದದ್ದನ್ನು ಬಿಡುವ ಮಾತು. ಬಹಳ ಜನ ಇಲ್ಲೇ ನಿಲ್ಲುತ್ತಾರೆ. ನಾನು ಮಾಡಿದ್ದು ಇಷ್ಟೇ: ಕೊನೆಯ ಸಲ ಯಾವ ಕಾರ್ಡನ್ನು ನೋಡಬೇಕು ಅಂತ ನಾನಾಗಿ ಹೊರತೆಗೆದೆ ಎಂದು ಕೇಳಿಕೊಂಡೆ. ಹಾಗೆ ತೆಗೆದವು ಉಳಿದವು. ಬೆಲೆ ಏರಬಹುದು ಅಂತ ಸುಮ್ನೆ ಇಟ್ಟುಕೊಂಡಿದ್ದ ಹೊಳೆಯುವ ಕಾರ್ಡ್‌ಗಳು ಮೊದಲು ಹೋದವು. ಸೆಟ್‌ಗಳನ್ನು ಬಿಡಿಸದೆ ಪೂರ್ತಿಯಾಗಿಯೇ ಕೊಟ್ಟೆ, ಬಿಡಿಯಾಗಿ ಮಾರಿದರೆ ಜಾಸ್ತಿ ದುಡ್ಡು ಬರುತ್ತಿತ್ತು ನಿಜ, ಆದರೆ ಕಷ್ಟಪಟ್ಟು ಒಂದುಗೂಡಿಸಿದ್ದನ್ನು ಒಡೆಯಲು ಮನಸ್ಸು ಬರಲಿಲ್ಲ. ಜಂಕ್ ವ್ಯಾಕ್ಸ್ ಕಾರ್ಡ್‌ಗಳನ್ನು ಮಕ್ಕಳಿಗೆ ಕೊಟ್ಟೆ. ಅವರು ಅದನ್ನು ನೆಲದ ಮೇಲೆ ಹರಡಿ, ತಂಡ ಕಟ್ಟಿ, ಮನಸ್ಸಿಗೆ ಬಂದಂತೆ ಬದಲಿಸಿಕೊಳ್ಳುತ್ತಾರೆ. ಮೂಲೆ ಸವೆಯಲಿ, ಅದಕ್ಕೇ ಇರುವುದು.

ಮಾರಿ ಬಂದ ದುಡ್ಡು ಬೇರೆ ಇಟ್ಟಿದ್ದೇನೆ. ಹೊಸದಾಗಿ ಏನೇ ಕೊಂಡರೂ ಅದರಿಂದಲೇ. ಈಗ ಹುಡುಕುತ್ತಿರುವುದು ಟಿ206ರಲ್ಲಿ ಹಿಂಭಾಗದಲ್ಲಿ ಹಸಿರು ಬಣ್ಣದಲ್ಲಿ ಅಮೆರಿಕನ್ ಬ್ಯೂಟಿ ಎಂಬ ಸಿಗರೇಟ್ ಬ್ರ್ಯಾಂಡ್ ಅಚ್ಚಾದ ಒಂದು ಕಾರ್ಡ್. ಯಾವ ಆಟಗಾರನಾದರೂ ಸರಿ, ಮಡಿಕೆ ಇದ್ದರೂ ಪರವಾಗಿಲ್ಲ.